ಹಸಿ ತಿನ್ನುವವರಿಗೆ ಬೆಳೆಯೋದು ಬೇರೆ ಲೆಕ್ಕ

ಬೆಂಗಳೂರಿನ ಗಿರಾಕಿಗಳಿಂದ ಈಚೆಗೆ ಒಂದು ಹೊಸ ಬೇಡಿಕೆ ಬರ್ತಾ ಇದೆ. "ನಾವು ಬೇಯಿಸಿದ್ದು ತಿನ್ನೋದಿಲ್ಲ. ಹಾಲು, ಮೊಸರು, ತುಪ್ಪ ಮುಟ್ಟೋದಿಲ್ಲ. ಹಸಿ ಸೊಪ್ಪು, ಕಾಯಿ, ಹಣ್ಣು, ಮೊಳಕೆ ಕಾಳು ಅಷ್ಟೇ. ಸಾವಯವದ್ದು ಇದ್ದರೆ ಕಳಿಸ್ರಿ, ರೇಟಿನ ಚಿಂತೆ ಬೇಡ." ಇವರು ತಮ್ಮನ್ನು ರಾ ವೀಗನ್ ಅಂತ ಕರೆದುಕೊಳ್ಳುತ್ತಾರೆ. ಬೆಂಗಳೂರಿನಂಥ ಊರಲ್ಲಿ ನಂಬಿಕೆಯಿಂದ ಹಸಿ ತಿನ್ನುವಂಥ ಸೊಪ್ಪು ಸಿಗೋದು ಕಷ್ಟ ಅನ್ನೋದು ಅವರ ಗೋಳು.

ಯಾದಗಿರಿ, ಶಹಾಪುರ, ಸುರಪುರ ಕಡೆಯ ನಮ್ಮಂಥ ಸಾವಯವ ಬೆಳೆಗಾರರಿಗೆ "ರೇಟಿನ ಚಿಂತೆ ಬೇಡ" ಅನ್ನೋ ಮಾತು ಕಿವಿಗೆ ಇಂಪಾಗೇ ಕೇಳ್ತದೆ. ಆದರೆ ನನ್ನ ಅಭಿಪ್ರಾಯ ಒಂದಿದೆ, ಅದನ್ನು ಮೊದಲೇ ಹೇಳಿಬಿಡ್ತೀನಿ. ಬರೀ "ಸಾವಯವ" ಅನ್ನೋ ಪದದ ಮೇಲೆ ನಾವು ಹಸಿ ತಿನ್ನುವ ಮಾಲು ಮಾರಬಾರದು. ಬೇಯಿಸಿ ತಿನ್ನುವವರಿಗೆ ಬೆಳೆಯೋದು ಒಂದು ಲೆಕ್ಕ, ಹಸಿ ತಿನ್ನುವವರಿಗೆ ಬೆಳೆಯೋದು ಇನ್ನೊಂದು ಲೆಕ್ಕ. ಈ ಎರಡನ್ನೂ ಕಲಸಿದರೆ ಗಿರಾಕಿಯ ಹೊಟ್ಟೆಯೂ ಕೆಡ್ತದೆ, ನಮ್ಮ ಹೆಸರೂ ಕೆಡ್ತದೆ.

ಹಸಿ ಊಟ ನಮಗೇನು ಹೊಸದಲ್ಲ

ಮೊದಲು ಒಂದು ಮಾತು ನೆನಪಿಡ್ರಿ. ಹಸಿ ತಿನ್ನೋದನ್ನ ನಮಗೆ ಬೆಂಗಳೂರಿನವರು ಕಲಿಸಬೇಕಾಗಿಲ್ಲ. ಜೋಳದ ರೊಟ್ಟಿ ಜೊತೆ ಹಕ್ಕರಕಿ, ಮೆಂತ್ಯೆ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಗಜ್ಜರಿ, ಸವತಿಕಾಯಿ ಹಸಿಯಾಗೇ ತಿನ್ನೋದು ನಮ್ಮ ಕಡೆ ದಿನನಿತ್ಯದ ಊಟ. ಹಿಂಗಾರಿಯಲ್ಲಿ ಹೊಲಕ್ಕೆ ಹೋದರೆ ಎಳೇ ಕಡ್ಲಿ ತಪ್ಪಲು, ಎಳೇ ಕುಸುಬಿ ಸೊಪ್ಪು ಚಿವುಟಿ ಬಾಯಿಗೆ ಹಾಕಿಕೊಳ್ಳೋರು ನಾವು.

"ಹಾಗಾದರೆ ನಮ್ಮ ಹಿರಿಯರು ತಿಪ್ಪೆ ಗೊಬ್ಬರದಲ್ಲೇ ಬೆಳೆದು ಹಸಿ ತಿಂದರಲ್ಲ, ಅವರಿಗೆ ಏನಾಯ್ತು?" ಅಂತ ಕೇಳೋರಿದ್ದಾರೆ. ಪ್ರಶ್ನೆ ಸರಿಯಾಗೇ ಇದೆ, ಉತ್ತರವೂ ಇದೆ. ಅವರ ಗೊಬ್ಬರ ತಿಪ್ಪೆಯಲ್ಲಿ ತಿಂಗಳುಗಟ್ಟಲೆ ಕಳಿತು ಬೇಸಿಗೆಯಲ್ಲಿ ಹೊಲಕ್ಕೆ ಬೀಳ್ತಿತ್ತು. ಹಕ್ಕರಕಿ ತಾನೇ ಹುಟ್ಟಿ ಕೈಗೆ ಬರೋ ಹೊತ್ತಿಗೆ ನಡುವೆ ಒಂದು ಮಳೆಗಾಲವೇ ಕಳೆದಿರ್ತಿತ್ತು. ಯಾರೂ ಅದರ ಎಲೆ ಮೇಲೆ ಸಗಣಿ ನೀರು ಸಿಂಪಡಿಸ್ತಿರಲಿಲ್ಲ. ಕಿತ್ತ ಗಳಿಗೆಗೇ ತಿಂತಿದ್ದರು. ಈಗ ನಾವು ಮಾಡೋದು ಏನು? ಜೀವಾಮೃತ ಸಿಂಪಡಿಸಿ, ಕಿತ್ತು ಕಟ್ಟು ಕಟ್ಟಿ, ನೀರು ಚಿಮುಕಿಸಿ, ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ರಾತ್ರಿಯೆಲ್ಲಾ ಸೆಕೆಯಲ್ಲಿ ಸಾಗಿಸೋದು. ರೋಗಾಣುವಿಗೆ ಇದಕ್ಕಿಂತ ಒಳ್ಳೆ ಗೂಡು ಬೇಕೇ? ಹಿರಿಯರಿಗೆ ಹೊಟ್ಟೆನೋವು, ಭೇದಿ ಬರ್ತಾನೇ ಇರಲಿಲ್ಲ ಅನ್ನೋದೂ ಸುಳ್ಳು. ಬಂದಿದ್ದನ್ನು ಯಾರೂ ಲೆಕ್ಕ ಇಡಲಿಲ್ಲ, ಅಷ್ಟೇ.

ಪ್ರಮಾಣಪತ್ರ ಹೇಳೋದು ಎಷ್ಟು?

2004ರಲ್ಲೇ ಸಾವಯವ ಕೃಷಿ ನೀತಿ ತಂದ ರಾಜ್ಯ ನಮ್ಮದು. ಇವತ್ತು ದೇಶದಲ್ಲಿ ಎರಡು ದಾರಿ ಇವೆ. ಒಂದು ಎನ್‌ಪಿಒಪಿ, ಅಂದರೆ ಹೊರಗಿನ ಸಂಸ್ಥೆಯವರು ಬಂದು ತಪಾಸಣೆ ಮಾಡಿ ಕೊಡೋದು. ಇನ್ನೊಂದು ಪಿಜಿಎಸ್-ಇಂಡಿಯಾ, ಅಂದರೆ ಕನಿಷ್ಠ ಐದು ಜನ ರೈತರು ಗುಂಪು ಮಾಡಿಕೊಂಡು ಒಬ್ಬರ ಹೊಲ ಒಬ್ಬರು ನೋಡಿ ಖಾತ್ರಿ ಕೊಡೋದು. ನಮ್ಮಂಥ ಸಣ್ಣ ಬೆಳೆಗಾರರಿಗೆ ಎರಡನೆಯದೇ ಎಟಕುವಂಥದು. 2017ರ ಎಫ್‌ಎಸ್‌ಎಸ್‌ಎಐ ನಿಯಮಗಳ ಪ್ರಕಾರ ಸಾವಯವ ಅಂತ ಮಾರೋದಕ್ಕೆ ಈ ಎರಡರಲ್ಲಿ ಒಂದು ಇರಬೇಕು. ವರ್ಷದ ವಹಿವಾಟು 12 ಲಕ್ಷ ರೂಪಾಯಿ ದಾಟದ ಸಣ್ಣ ಬೆಳೆಗಾರ ನೇರವಾಗಿ ತಿನ್ನುವವರಿಗೇ ಮಾರಿದರೆ ವಿನಾಯ್ತಿ ಇದೆ. ಆದರೆ ಅಂಥವರು ಜೈವಿಕ್ ಭಾರತ್ ಗುರುತು ಹಾಕಿಕೊಳ್ಳೋ ಹಾಗಿಲ್ಲ.

ಈ ಪ್ರಮಾಣಪತ್ರ ಹೇಳೋದು ಏನು? ರಾಸಾಯನಿಕ ಗೊಬ್ಬರ ಹಾಕಿಲ್ಲ, ವಿಷ ಹೊಡೆದಿಲ್ಲ, ಬೆಳೆದ ರೀತಿ ಇಂಥದ್ದು. ಹತ್ತಿ, ಮೆಣಸಿನಕಾಯಿ, ನೆಲ್ಲಿಗೆ ಔಷಧ ಹೊಡೆಯೋ ನಮ್ಮ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ. ಆದರೆ "ಈ ಕಟ್ಟಿನ ಮೇಲೆ ರೋಗಾಣು ಇಲ್ಲ, ತೊಳೆಯದೇ ತಿನ್ನಬಹುದು" ಅಂತ ಅದು ಎಲ್ಲೂ ಹೇಳೋದಿಲ್ಲ. ಗಿರಾಕಿ ಮಾತ್ರ ಅದನ್ನ ಹಾಗೇ ಓದಿಕೊಳ್ತಾನೆ. ಈ ತಪ್ಪು ತಿಳಿವಳಿಕೆಯಿಂದ ನಮಗೆ ಲಾಭ ಬರ್ತದೆ ಅಂತ ನಾವು ಸುಮ್ಮನಿರೋದು ನ್ಯಾಯವಲ್ಲ.

ಮೆಂತ್ಯೆ ಕಾಳಿನ ಪಾಠ

2011ರ ಮೇ-ಜೂನ್‌ನಲ್ಲಿ ಜರ್ಮನಿಯಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದ ಒಂದು ಘೋರ ತಳಿಯಿಂದ ಸುಮಾರು ನಾಲ್ಕು ಸಾವಿರ ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ಸತ್ತರು. ಮೊದಲು ಸ್ಪೇನ್ ದೇಶದ ಸವತಿಕಾಯಿ ಮೇಲೆ ಅನುಮಾನ ಬಂತು, ಅಲ್ಲಿನ ರೈತರು ಬೆಳೆದದ್ದನ್ನೆಲ್ಲ ಚೆಲ್ಲಬೇಕಾಯ್ತು. ಕೊನೆಗೆ ಗೊತ್ತಾಗಿದ್ದು ಮೂಲ ಬೇರೆ ಅಂತ. ಅದು ಒಂದು ಸಾವಯವ ಘಟಕದಲ್ಲಿ ತಯಾರಾದ ಮೊಳಕೆ. ಎಲ್ಲಾ ಬೆರಳು ತೋರಿಸಿದ್ದು ಈಜಿಪ್ಟಿನಿಂದ ಬಂದ ಮೆಂತ್ಯೆ ಕಾಳಿನ ಕಡೆಗೆ.

ಇದನ್ನ ಹೇಳ್ತಿರೋದು ಹೆದರಿಸೋಕಲ್ಲ. ಎರಡು ವಿಷಯ ತಿಳಿಯಲಿ ಅಂತ. ಒಂದು, ಸಾವಯವ ಅಂದ ಮಾತ್ರಕ್ಕೆ ರೋಗಾಣು ದೂರ ನಿಲ್ಲೋದಿಲ್ಲ. ಎರಡು, ಯಾರದೋ ಒಬ್ಬರ ಮಾಲಿನಲ್ಲಿ ಐಬು ಕಂಡರೆ ಏನೂ ಅರಿಯದ ನೂರು ರೈತರ ಮಾಲು ತಿಪ್ಪೆಗೆ ಹೋಗ್ತದೆ. ನಾಳೆ ಬೆಂಗಳೂರಿನಲ್ಲಿ ಒಂದು ಮನೆಯವರು ನಮ್ಮ ಕಡೆಯ ಸೊಪ್ಪು ತಿಂದು ಆಸ್ಪತ್ರೆ ಸೇರಿದರೆ, "ಯಾದಗಿರಿ ಮಾಲು" ಅನ್ನೋ ಹೆಸರು ಒಂದೇ ದಿನದಲ್ಲಿ ಹೋಗ್ತದೆ.

ಗೊಬ್ಬರ: 120 ದಿನದ ಲೆಕ್ಕ

ಹೊಸ ಸಗಣಿ ಹಾಕಿದರೆ, ಮಣ್ಣು ತಾಗುವ ಬೆಳೆಯನ್ನು ಕನಿಷ್ಠ 120 ದಿನ ಬಿಟ್ಟು ಕೊಯ್ಯಬೇಕು ಅನ್ನೋದು ಅಮೆರಿಕದ ಸಾವಯವ ನಿಯಮ. ಮಣ್ಣು ತಾಗದ ಬೆಳೆಗೆ 90 ದಿನ. ನಮಗೆ ಆ ಕಾಯ್ದೆ ಅನ್ವಯಿಸೋದಿಲ್ಲ, ಲೆಕ್ಕ ಮಾತ್ರ ಉಪಯೋಗಕ್ಕೆ ಬರ್ತದೆ. ಮೆಂತ್ಯೆ ಒಂದು ತಿಂಗಳೊಳಗೆ ಕೈಗೆ ಬರ್ತದೆ. ಅಂದರೆ ಬಿತ್ತುವಾಗ ಸಗಣಿ ಹಾಕಿದರೆ ಲೆಕ್ಕ ಯಾವ ರೀತಿಯಿಂದಲೂ ಕೂಡೋದಿಲ್ಲ. ಮೇ 15ರ ಒಳಗೆ ಗೊಬ್ಬರ ಹಾಕಿ ಮುಂಗಾರಿಗೆ ಬೇರೆ ಬೆಳೆ ತೆಗೆದು, ಸೆಪ್ಟೆಂಬರ್ ಮಧ್ಯದ ನಂತರ ಸೊಪ್ಪು ಕೊಯ್ದರೆ ಸರಿಹೋಗ್ತದೆ.

ಕಾಂಪೋಸ್ಟ್ ಆದರೆ ಬೇಗ ಹಾಕಬಹುದು, ಆದರೆ ಅದು ನಿಜವಾಗಿ ಕಾದಿರಬೇಕು. ಉದ್ದ ರಾಶಿ ಹಾಕಿ, ಒಳಗೆ 55 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ 15 ದಿನ ಇರೋ ಹಾಗೆ ನೋಡಿಕೊಂಡು, ಅಷ್ಟರಲ್ಲಿ ಐದು ಸಲ ತಿರುವಬೇಕು. ಕಪ್ಪಗಾಗಿದೆ, ವಾಸನೆ ಇಲ್ಲ ಅಂತ ಕಣ್ಣಂದಾಜಿನಲ್ಲಿ ಹೇಳೋದಲ್ಲ. ಉದ್ದ ಕಡ್ಡಿಯ ಥರ್ಮಾಮೀಟರ್ ಒಂದು ಕೊಂಡುಕೊಳ್ರಿ.

ಜೀವಾಮೃತದ ಬಗ್ಗೆ ಹೇಳಿದರೆ ಕೆಲವರಿಗೆ ಸಿಟ್ಟು ಬರ್ತದೆ. ನಾನು ಅದರ ವಿರೋಧಿಯಲ್ಲ. ಆದರೆ 200 ಲೀಟರ್ ನೀರಿಗೆ 10 ಕಿಲೋ ಸಗಣಿ ಕಲಸಿ ಎರಡು-ಮೂರು ದಿನ ಇಟ್ಟ ದ್ರಾವಣ ಕಾಂಪೋಸ್ಟ್ ಥರ ಕಾಯೋದಿಲ್ಲ. ಅದನ್ನ ತೊಗರಿಗೆ, ಹಣ್ಣಿನ ಗಿಡದ ಬುಡಕ್ಕೆ ಕೊಡ್ರಿ. ಹಸಿ ತಿನ್ನುವ ಸೊಪ್ಪಿನ ಎಲೆಗೆ ಸಿಂಪಡಿಸಬ್ಯಾಡ್ರಿ. ಪಂಚಗವ್ಯಕ್ಕೂ ಇದೇ ಮಾತು. ಸೊಪ್ಪಿಗೆ ಹುಳ ಬಂದರೆ ನೈಲಾನ್ ಪರದೆ, ಹಳದಿ ಅಂಟು ಹಲಗೆ, ಶೇಕಡಾ 5ರ ಬೇವಿನ ಬೀಜದ ಕಷಾಯ ಇವೆ.

ನೀರಿನ ವಿಚಾರ

ಬೆಂಗಳೂರಿನ ಸುತ್ತ ಸೊಪ್ಪಿನ ದೊಡ್ಡ ತೊಂದರೆ ನೀರು. ವೃಷಭಾವತಿಯ ಕೊಳಚೆ ಹೋಗಿ ಸೇರೋದು ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ. ಅಂಥ ನೀರಿನಲ್ಲಿ ಬೆಳೆದ ತರಕಾರಿಯಲ್ಲಿ ಭಾರ ಲೋಹ ಇರೋದನ್ನ ಸಂಶೋಧಕರು ತೋರಿಸಿದ್ದಾರೆ. ಲೋಹ ಒಳಗೆ ಸೇರಿದ ಮೇಲೆ ಉಪ್ಪುನೀರಲ್ಲಿ ತೊಳೆದರೂ ಹೋಗೋದಿಲ್ಲ, ಬೇಯಿಸಿದರೂ ಹೋಗೋದಿಲ್ಲ.

ಹಾಗಂತ ನಮ್ಮ ನೀರು ಚೊಕ್ಕ ಅಂತ ಎದೆ ತಟ್ಟಿಕೊಳ್ಳೋ ಹಾಗಿಲ್ಲ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಸಿಕ್ಕಿದ್ದು ಈ ಭಾಗದವರಿಗೆ ಗೊತ್ತಿರೋ ಸಂಗತಿ. ಕುಡಿಯುವ ನೀರಿಗೆ ಅದರ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ಆರ್ಸೆನಿಕ್ ಚಿಂತೆ ಇಲ್ಲದಿರಬಹುದು, ಆದರೆ ದನ ಇಳಿಯೋದು, ಬಟ್ಟೆ ಒಗೆಯೋದು ಅದರಲ್ಲೇ. ಆದ್ದರಿಂದ ಸೊಪ್ಪಿನ ಮಡಿಗೆ ನೀರು ಹಾಯಿಸೋ ಮುಂಚೆ ಒಂದು ಸಲ ಪರೀಕ್ಷೆ ಮಾಡಿಸ್ರಿ. ಎಲ್ಲಿ ಕೊಡಬೇಕು ಅಂತ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಭೀಮರಾಯನಗುಡಿ ಕೃಷಿ ಕಾಲೇಜಿನಲ್ಲಿ ವಿಚಾರಿಸ್ರಿ. ತುಂತುರು ನೀರಾವರಿ ಬದಲು ಹನಿ ನೀರಾವರಿ ಹಾಕಿದರೆ ನೀರು ಎಲೆಗೆ ತಾಗೋದಿಲ್ಲ. ಕೊಯ್ದ ಮೇಲೆ ತೊಳೆಯೋ ನೀರು ಮಾತ್ರ ಕುಡಿಯುವ ನೀರೇ ಆಗಿರಬೇಕು.

ವೀಗನ್ ಗಿರಾಕಿಗೆ ನಿಜ ಹೇಳೋಣ

2022ರಲ್ಲಿ ಬಂದ ವೀಗನ್ ಆಹಾರ ನಿಯಮಗಳು ಆಹಾರದಲ್ಲಿ, ಅದನ್ನು ತಯಾರಿಸುವಾಗ ಪ್ರಾಣಿಮೂಲದ ಪದಾರ್ಥ ಇರಬಾರದು ಅನ್ನುತ್ತವೆ. ಹೊಲದ ಗೊಬ್ಬರದ ಮಾತು ಬೇರೆ. ಹಾಲು, ಮೊಸರು, ತುಪ್ಪ ಬೆರೆಸಿದ ಪಂಚಗವ್ಯ ಹಾಕಿ ಬೆಳೆದದ್ದು ಅಂತ ಗೊತ್ತಾದರೆ ಎಷ್ಟೋ ಜನ ವೀಗನ್ನರಿಗೆ ಆಶ್ಚರ್ಯ ಆಗ್ತದೆ. ಅವರು ಕೇಳಿದರೆ ಮುಚ್ಚಿಡದೆ ಹೇಳಬೇಕು. ಎರೆಭೂಮಿಯ ಒಣ ಬೇಸಾಯ ದನ-ಎತ್ತು ಬಿಟ್ಟು ನಡೆಯೋದು ಸುಲಭವಲ್ಲ, ಅದನ್ನೂ ನಾಚಿಕೆ ಇಲ್ಲದೆ ಹೇಳಬೇಕು.

ಆದರೆ ಇಲ್ಲೇ ಒಂದು ದಾರಿ ಕಾಣ್ತದೆ. ಸಗಣಿ ಬೇಡ ಅನ್ನೋದು ವೀಗನ್ನರಿಗೆ ತತ್ವದ ಮಾತು, ಹಸಿ ಸೊಪ್ಪಿನ ಮೇಲೆ ಸಗಣಿ ಬೇಡ ಅನ್ನೋದು ನಮಗೆ ಆರೋಗ್ಯದ ಮಾತು. ಕಾರಣ ಬೇರೆ, ಮಡಿ ಒಂದೇ. ಇದ್ದ ಜಮೀನಿನಲ್ಲಿ ಐದು-ಹತ್ತು ಗುಂಟೆಯನ್ನು ಸಗಣಿ ಇಲ್ಲದ ಸೊಪ್ಪಿನ ಮಡಿ ಅಂತ ಬೇರೆ ಮಾಡಿ, ಬೇಲಿ ಹಾಕಿ, ದನ-ಕೋಳಿ ಬಿಡದೆ ನೋಡಿಕೊಳ್ರಿ. ಸೆಣಬು ಬಿತ್ತಿ ಹೂ ಬರೋ ಹೊತ್ತಿಗೆ, ಸುಮಾರು 45 ದಿನಕ್ಕೆ, ಮಣ್ಣಿಗೆ ಸೇರಿಸ್ರಿ. ಗ್ಲಿರಿಸಿಡಿಯಾ ಸೊಪ್ಪು, ಬೇವಿನ ಹಿಂಡಿ, ಹೊಂಗೆ ಹಿಂಡಿ ಕೊಡ್ರಿ. ಇಡೀ ಹೊಲ ಹೀಗೆ ಮಾಡಬೇಕಾಗಿಲ್ಲ. ಹಸಿ ತಿನ್ನುವವರಿಗೆ ಅಂತ ಒಂದು ತುಂಡು ನೆಲ ಸಾಕು.

ಜೊತೆಗೆ ಇನ್ನೊಂದು ಮಾತು. ನಾವು ಬೆಳೆಗಾರರು, ವೈದ್ಯರಲ್ಲ. "ಹಸಿ ತಿಂದರೆ ಶುಗರ್ ಹೋಗ್ತದೆ, ಬಿಪಿ ಹೋಗ್ತದೆ" ಅಂತ ಚೀಟಿ ಅಂಟಿಸಿ ಮಾರಬಾರದು. ಸೊಪ್ಪು, ಕಾಳು, ಹಣ್ಣಿನಿಂದ ವಿಟಮಿನ್ ಬಿ12 ಸಿಗೋದಿಲ್ಲ. ಪೂರ್ತಿ ವೀಗನ್ ಆದವರು ಅದಕ್ಕೆ ಡಾಕ್ಟರನ್ನೇ ಕೇಳಬೇಕು.

ಏನು ಕಳಿಸೋದು, ಏನು ಇಲ್ಲೇ ಮಾರೋದು

ಯಾದಗಿರಿಯಿಂದ ಬೆಂಗಳೂರು ಹತ್ತಿರಹತ್ತಿರ 500 ಕಿಲೋಮೀಟರ್. ಅಷ್ಟು ದೂರ ಸೊಪ್ಪು ಕಳಿಸೋದು ನನ್ನ ಪ್ರಕಾರ ಬುದ್ಧಿವಂತಿಕೆಯಲ್ಲ. ತಲುಪೋ ಹೊತ್ತಿಗೆ ಬಾಡಿರ್ತದೆ, ರೋಗಾಣು ಬೆಳೆಯೋಕೆ ಸಮಯ ಸಿಕ್ಕಿರ್ತದೆ. ಬೆಂಗಳೂರಿನವರು ಸೊಪ್ಪನ್ನು ಹತ್ತಿರದ, ನೀರಿನ ಮೂಲ ತೋರಿಸಬಲ್ಲ ರೈತರಿಂದಲೇ ಕೊಳ್ಳಲಿ. ಲಾಲ್‌ಬಾಗ್‌ನ ಜೈವಿಕ ಕೃಷಿಕ್ ಸೊಸೈಟಿ, ಸಹಜ ಸಮೃದ್ಧದಂಥ ಸಂಸ್ಥೆಗಳು ಸಾವಯವ ರೈತರನ್ನೂ ಪೇಟೆಯನ್ನೂ ಜೋಡಿಸೋ ಕೆಲಸ ಮಾಡಿವೆ.

ನಾವು ಕಳಿಸಬೇಕಾದ್ದು ಒಣ ಮಾಲು. ಶೇಂಗಾ, ಎಳ್ಳು, ಗುರೆಳ್ಳು, ಹೆಸರು, ಮಡಕಿ. ಹಸಿ ತಿನ್ನುವವರಿಗೆ ಎಣ್ಣೆ, ಪ್ರೋಟೀನ್ ಬರಬೇಕಾದ್ದೇ ಇವುಗಳಿಂದ. ಶೇಂಗಾ ಮಾತ್ರ ಚೆನ್ನಾಗಿ ಒಣಗಿಸ್ರಿ, ತೇವಾಂಶ ಶೇಕಡಾ 8ರ ಆಸುಪಾಸಿಗೆ ಇಳಿಯಲಿ. ಬೂಸ್ಟು ಹಿಡಿದದ್ದು, ಮುರುಟಿದ್ದು ಆರಿಸಿ ತೆಗೆಯಿರಿ. ಬೂಸ್ಟಿನಿಂದ ಹುಟ್ಟೋ ಅಫ್ಲಾಟಾಕ್ಸಿನ್ ವಿಷ ಹುರಿದರೂ ಪೂರ್ತಿ ಹೋಗೋದಿಲ್ಲ. ಮೊಳಕೆ ಬರಿಸಿ ಕಳಿಸೋಕೆ ಹೋಗಬ್ಯಾಡ್ರಿ, ಕಾಳನ್ನೇ ಕಳಿಸ್ರಿ. ಮನೆಯಲ್ಲೇ ಮೊಳಕೆ ಕಟ್ಟಿ ಬೇಗ ತಿನ್ನಲಿ. ಬಸುರಿಯರು, ಸಣ್ಣ ಮಕ್ಕಳು, ವಯಸ್ಸಾದವರು ಇದ್ದರೆ ಬೇಯಿಸೇ ತಿನ್ನಲಿ ಅಂತ ಚೀಲದ ಮೇಲೆ ಬರೀರಿ.

ಸೊಪ್ಪಿಗೆ ಗಿರಾಕಿ ಎಲ್ಲಿ ಅಂತೀರಾ? ಯಾದಗಿರಿ, ಶಹಾಪುರ, ಸುರಪುರದ ಸಂತೆಯಲ್ಲೇ ಇದ್ದಾರೆ. ರೊಟ್ಟಿ ಜೊತೆ ದಿನಾ ಹಸಿ ಸೊಪ್ಪು ತಿನ್ನೋರು ಇಲ್ಲಿರೋವಷ್ಟು ಬೆಂಗಳೂರಿನ ರಾ ವೀಗನ್ ಬಳಗದಲ್ಲಿ ಇರಲಾರರು. ಕಳೆನಾಶಕ ಬಂದ ಮೇಲೆ ಹೊಲದಲ್ಲಿ ಹಕ್ಕರಕಿ ಕಡಿಮೆಯಾಗಿದೆ, ಬೇಕು ಅನ್ನೋರು ಕಡಿಮೆಯಾಗಿಲ್ಲ. ಗುಳೆ ಹೋಗಿ ಬೆಂಗಳೂರಿನಲ್ಲಿ ಕಟ್ಟಡ ಕಟ್ಟೋ ನಮ್ಮ ಜನರೂ ಹಸಿ ಉಳ್ಳಾಗಡ್ಡಿ ತಪ್ಪಲು, ಮೆಂತ್ಯೆಗೆ ಬಾಯಿ ಬಿಡ್ತಾರೆ. ಅವರನ್ನ ಯಾವ ಸಾವಯವ ಅಂಗಡಿಯೂ ಗಿರಾಕಿ ಅಂತ ಎಣಿಸೋದಿಲ್ಲ. ಊರಲ್ಲೇ ಸೊಪ್ಪಿನ ಮಡಿ ನಡೆದರೆ ನಾಲ್ಕು ಮನೆಯವರಿಗಾದರೂ ಬೇಸಿಗೆಯಲ್ಲಿ ಕೈಗೆ ಕಾಸು ಬರ್ತದೆ, ಗುಳೆ ಹೋಗೋ ದಿನಗಳು ಅಷ್ಟಾದರೂ ಕಡಿಮೆಯಾಗ್ತವೆ.

ಈ ಹಿಂಗಾರಿಗೆ ಐದು ಜನ ಸೇರಿ ಒಂದು ಪಿಜಿಎಸ್ ಗುಂಪು ಮಾಡಿಕೊಳ್ರಿ. ಒಬ್ಬೊಬ್ಬರು ಐದು ಗುಂಟೆ ಹಸಿ ಸೊಪ್ಪಿನ ಮಡಿ ಬೇರೆ ಮಾಡ್ರಿ. ಗೊಬ್ಬರ ಹಾಕಿದ ತಾರೀಖು, ನೀರಿನ ಪರೀಕ್ಷೆ, ಕೊಯ್ದ ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡ್ರಿ. ಸಂತೆಯಲ್ಲಿ ಯಾರಾದರೂ "ಇದು ಹಸಿ ತಿನ್ನಬಹುದಾ?" ಅಂತ ಕೇಳಿದರೆ ಆ ನೋಟ್‌ಬುಕ್ ತೆರೆದು ತೋರಿಸ್ರಿ.