ವಾಚಿಗೆ ಸಿಗದ ವೈಫೈ

ಕಳೆದ ಆಷಾಢದಲ್ಲಿ ಅಪ್ಪ ಹಿತ್ತಿಲಲ್ಲಿ ಜಾರಿ ಬಿದ್ದರು. ಅಮ್ಮ ಹೋದಮೇಲೆ ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಅವರೊಬ್ಬರೇ. ಮಳೆಗೆ ಕಲ್ಲಿನ ಮೇಲೆ ಹಾವಸೆ ಕಟ್ಟಿತ್ತು. ಫೋನು ಜಗಲಿಯಲ್ಲಿತ್ತು. ಪಕ್ಕದ ಮನೆಯವರು ನೋಡುವವರೆಗೆ ಮುಕ್ಕಾಲು ಗಂಟೆ ಅಲ್ಲೇ ಕೂತಿದ್ದರಂತೆ. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಬೆಂಗಳೂರಲ್ಲಿದ್ದ ನನಗೆ ಗೊತ್ತಾಗಿದ್ದು ರಾತ್ರಿ. "ಫೋನ್ ಯಾಕೆ ಜೇಬಲ್ಲಿ ಇಟ್ಕೊಳ್ಳಲ್ಲ ನೀವು?" ಅಂತ ರೇಗಿಬಿಟ್ಟೆ.

ಬಿದ್ದರೆ ತಾನೇ ಗುರುತಿಸಿ ನಮಗೆ ಸುದ್ದಿ ಮುಟ್ಟಿಸುವ ಸ್ಮಾರ್ಟ್‌ವಾಚ್ ಕೊಂಡು ಕಳಿಸಿದೆ. ಅದರಲ್ಲಿ ಸಿಮ್ ಇಲ್ಲ. ಫೋನು ಹತ್ತಿರವಿದ್ದರೆ ಬ್ಲೂಟೂತ್ ಸಾಕು. ಆದರೆ ಹತ್ತು ಮೀಟರ್ ಆಚೆ, ನಡುವೆ ಜಂಬಿಟ್ಟಿಗೆ ಗೋಡೆ ಇದ್ದರೆ ಅದು ತಲುಪುವುದಿಲ್ಲ. ಆಗ ಮನೆಯ ವೈಫೈಯೇ ಗತಿ. ಆ ವೈಫೈಯೇ ವಾಚಿಗೆ ಸಿಗಲಿಲ್ಲ.

ವಿಡಿಯೊ ಕಾಲ್‌ನಲ್ಲಿ ಕೇಳಿದೆ, "ಲಿಸ್ಟಲ್ಲಿ ನಮ್ಮನೆ ವೈಫೈ ಹೆಸರು ಕಾಣ್ತಾ?"

"ಇಲ್ಲ ಮಾರಾಯ. ಪಕ್ಕದ ಮನೆಯದ್ದು ಕಾಣ್ತದೆ."

ವಾಚ್ ಆಫ್ ಮಾಡಿ ಆನ್ ಮಾಡಿಸಿದೆ. ರೂಟರಿನ ಪ್ಲಗ್ ತೆಗೆಸಿ ಹಾಕಿಸಿದೆ. ಕೊನೆಗೆ ವಾಚನ್ನು ಪೂರ್ತಿ ರೀಸೆಟ್ ಮಾಡಿಸಿ ಮತ್ತೆ ಫೋನಿಗೆ ಜೋಡಿಸುವಷ್ಟರಲ್ಲಿ ಅಪ್ಪನಿಗೆ ಸಾಕಾಗಿತ್ತು. "ಇದನ್ನ ಕಪಾಟಲ್ಲಿ ಇಡ್ತೇನೆ, ನೀ ಬಂದಾಗ ನೋಡು" ಅಂದರು. ಹೊರಗೆ ಮಳೆ ಬಿಟ್ಟಿರಲಿಲ್ಲ.

ಶುಕ್ರವಾರ ರಾತ್ರಿಯ ಬಸ್ಸು ಹತ್ತಿದೆ. ಬೆಳಿಗ್ಗೆ ರೂಟರಿನ ಸೆಟ್ಟಿಂಗ್ಸ್ ತೆಗೆದು ನೋಡಿದರೆ 2.4 ಗಿಗಾಹರ್ಟ್ಸ್ ಬ್ಯಾಂಡ್ ಆಫ್ ಆಗಿದೆ, 5 ಗಿಗಾಹರ್ಟ್ಸ್ ಮಾತ್ರ ಇದೆ. ಆಫ್ ಮಾಡಿದವನು ನಾನೇ! 2021ರಲ್ಲಿ ಊರಿಂದ ಕೆಲಸ ಮಾಡುವಾಗ ಮೀಟಿಂಗ್ ನಡುವೆ ಲ್ಯಾಪ್‌ಟಾಪ್ ನಿಧಾನದ ಬ್ಯಾಂಡಿಗೆ ಹೋಗುತ್ತಿತ್ತು ಅಂತ.

5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಗೋಡೆ ದಾಟುವುದರಲ್ಲಿ ಸೋಲುತ್ತದೆ. 2.4 ನಿಧಾನ, ಆದರೆ ದೂರ ಹೋಗುತ್ತದೆ. ಬಹಳಷ್ಟು ಸ್ಮಾರ್ಟ್‌ವಾಚುಗಳು ಹಿಡಿಯುವುದು 2.4 ಮಾತ್ರ.

ಆಗ ಇನ್ನೊಂದು ನೆನಪಾಯಿತು. "ಮೊದಲು ಹಿತ್ತಿಲ ತನಕ ಸಿಗ್ತಿತ್ತು, ಈಗ ಜಗಲಿಯಲ್ಲಿ ಮಾತ್ರ" ಅಂತ ಅಪ್ಪ ಎಷ್ಟೋ ಸಲ ಹೇಳಿದ್ದರು. ಟವರ್ ಸಿಗ್ನಲ್ ನಮ್ಮೂರಲ್ಲಿ ಅಷ್ಟಕ್ಕಷ್ಟೆ. "ಜಗಲಿಯಲ್ಲೇ ಕೂತು ನೋಡಿ ಅಪ್ಪಾ" ಅಂದಿದ್ದೆ ನಾನು. ಅವರು ಫೋನನ್ನು ಅಲ್ಲೇ ಬಿಡಲು ಶುರು ಮಾಡಿದ್ದು ಆಮೇಲೆ.

ನಿಮ್ಮ ವಾಚೂ ಹಟ ಹಿಡಿದರೆ, ಮೊದಲು ರೂಟರಿನಲ್ಲಿ 2.4 ಆನ್ ಇದೆಯಾ ನೋಡಿ. ಸಾಧ್ಯವಾದರೆ ಅದಕ್ಕೆ ಬೇರೆ ಹೆಸರು ಕೊಡಿ. ಸೆಕ್ಯುರಿಟಿ ಬರೀ ಡಬ್ಲ್ಯುಪಿಎ3 ಅಂತಿದ್ದರೆ ಡಬ್ಲ್ಯುಪಿಎ2 ಕೂಡ ಒಪ್ಪುವ ಆಯ್ಕೆಗೆ ಬದಲಿಸಿ. ಫೋನು ಪಕ್ಕದಲ್ಲಿದ್ದಾಗ ವಾಚು ಬ್ಯಾಟರಿ ಉಳಿಸಲು ಬ್ಲೂಟೂತ್‌ನಲ್ಲೇ ಇರಬಹುದು, ಅದು ದೋಷವಲ್ಲ. ಪರೀಕ್ಷಿಸಲು ಫೋನಿನ ಬ್ಲೂಟೂತ್ ಆಫ್ ಮಾಡಿ. ಬ್ರೌಸರಿನಲ್ಲಿ ಲಾಗಿನ್ ಕೇಳುವ ಹೋಟೆಲ್, ಪಿಜಿ ವೈಫೈಗಳಲ್ಲಿ ಸಾಮಾನ್ಯವಾಗಿ ವಾಚಿನ ಆಟ ನಡೆಯುವುದಿಲ್ಲ. ರೀಸೆಟ್ ಕಟ್ಟಕಡೆಯ ಉಪಾಯ. ನನ್ನ ಹಾಗೆ ಮೊದಲೇ ಅದಕ್ಕೆ ಕೈ ಹಾಕಬೇಡಿ.

2.4 ಆನ್ ಮಾಡಿದ ಮೇಲೆ ಅಪ್ಪ ವಾಚು ಕಟ್ಟಿಕೊಂಡು ಹಿತ್ತಿಲಿಗೆ ಹೋಗಿ ತುರ್ತು ಬಟನ್ ಒತ್ತಿದರು. ಅಡುಗೆಮನೆಯಲ್ಲಿದ್ದ ನನ್ನ ಫೋನು ಕೂಗಿಕೊಂಡಿತು.

"ಬಂತಾ?"

"ಬಂತು ಅಪ್ಪಾ."

"ಹಿತ್ತಿಲಿಗೆ ಬರಲ್ಲ ಅಂತ ನಾನು ಆವಾಗ್ಲೇ ಹೇಳಿದ್ದೆ."

ಭಾನುವಾರ ಹೊರಡುವ ಮುಂಚೆ ಕತ್ತದ ಬ್ರಷ್ ಹಿಡಿದು ಕಲ್ಲಿನ ಹಾವಸೆಯನ್ನೂ ಉಜ್ಜಿ ತೆಗೆದೆ. ಅದಕ್ಕೆ ಯಾವ ಪಾಸ್‌ವರ್ಡೂ ಬೇಕಾಗಲಿಲ್ಲ.