ಮಸ್ಕತ್ತಿನ ಕನ್ನಡ ಮನೆಗಳೂ ಬ್ರಿಟಿಷ್ ಶಿಕ್ಷಣಕ್ರಮವೂ

ಒಮಾನಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಮಕ್ಕಳ ಶಾಲೆಯ ವಿಷಯದಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, 1975ರಲ್ಲಿ ಆರಂಭವಾದ ಇಂಡಿಯನ್ ಸ್ಕೂಲ್ ಮಸ್ಕತ್ ಮೊದಲಾದ ಸಿಬಿಎಸ್‌ಇ ಶಾಲೆಗಳದು. ಇನ್ನೊಂದು, ಬ್ರಿಟಿಷ್ ಪಠ್ಯಕ್ರಮದ ಖಾಸಗಿ ಶಾಲೆಗಳದು. ಎರಡನೆಯದರ ಶುಲ್ಕ ಸಾಮಾನ್ಯವಾಗಿ ಮೊದಲನೆಯದರ ಹಲವು ಪಟ್ಟು. ಅಷ್ಟು ಹಣ ತೆರುವವರಲ್ಲಿ ಅನೇಕರು ಇಂಗ್ಲೆಂಡಿನ ವಿಶ್ವವಿದ್ಯಾಲಯಕ್ಕೆ ಇದೇ ರಾಜಮಾರ್ಗವೆಂದು ನಂಬಿರುತ್ತಾರೆ. ಈ ನಂಬಿಕೆ ಅರ್ಧದಷ್ಟೇ ಸರಿ.

‘ಬ್ರಿಟಿಷ್’ ಎಂಬ ಮಾತೇ ಸಡಿಲವಾದುದು. ಸ್ಕಾಟ್ಲೆಂಡಿನ ಶಾಲಾವ್ಯವಸ್ಥೆ ಬೇರೆ, ಪರೀಕ್ಷೆಗಳು ಬೇರೆ, ಅಲ್ಲಿನ ಆನರ್ಸ್ ಪದವಿಗೆ 4 ವರ್ಷ. ಕೊಲ್ಲಿ ನಾಡುಗಳಿಗೆ ಬಂದಿರುವುದು ಇಂಗ್ಲೆಂಡಿನ ಮಾದರಿ. ಅದರಲ್ಲಿ ಮಗು 4 ವರ್ಷಕ್ಕೆ ರಿಸೆಪ್ಷನ್, 5ಕ್ಕೆ ಇಯರ್ 1 ಸೇರುತ್ತದೆ. ಇಯರ್ 6ರವರೆಗೆ ಪ್ರಾಥಮಿಕ, ಅನಂತರ ಮಾಧ್ಯಮಿಕ. ನಮ್ಮ ತರಗತಿಯ ಸಂಖ್ಯೆಗೆ ಒಂದು ಕೂಡಿಸಿದರೆ ಅವರ ‘ಇಯರ್’ ದೊರೆಯುತ್ತದೆ: ಇಯರ್ 11 ಎಂದರೆ ಹತ್ತನೆಯ ತರಗತಿ, ಇಯರ್ 13 ಎಂದರೆ ದ್ವಿತೀಯ ಪಿಯುಸಿ.

ಈ ಕ್ರಮದ ಜೀವಾಳವಿರುವುದು 14ರಿಂದ 18ರವರೆಗಿನ ನಾಲ್ಕು ವರ್ಷಗಳಲ್ಲಿ. ಇಯರ್ 10ರ ಆರಂಭಕ್ಕೆ ವಿದ್ಯಾರ್ಥಿ ಸುಮಾರು ಎಂಟು-ಒಂಬತ್ತು ವಿಷಯಗಳನ್ನು ಆರಿಸಿಕೊಂಡು, ಎರಡು ವರ್ಷ ಓದಿ, ಇಂಗ್ಲೆಂಡಿನಲ್ಲಾದರೆ ಜಿಸಿಎಸ್‌ಇ, ಹೊರದೇಶಗಳಲ್ಲಿ ಹೆಚ್ಚಾಗಿ ಐಜಿಸಿಎಸ್‌ಇ ಪರೀಕ್ಷೆ ಬರೆಯುತ್ತಾನೆ. ಬಳಿಕ ಎ-ಲೆವೆಲ್‌ಗೆ ಉಳಿಯುವುದು ಮೂರೇ ವಿಷಯ, ಅಪರೂಪಕ್ಕೆ ನಾಲ್ಕು. ಆಳವಾಗಿ ಓದಿಸುವುದು, ಸ್ವಂತ ವಾಕ್ಯಗಳಲ್ಲಿ ವಾದ ಕಟ್ಟಿ ಬರೆಯಿಸುವುದು ಇದರ ನಿಜವಾದ ಹಿರಿಮೆ. ಬಾಯಿಪಾಠದಲ್ಲಿ ಬೆಳೆದ ನಮ್ಮಂಥವರಿಗೆ ಅಸೂಯೆ ಹುಟ್ಟಿಸುವಂಥದು. ಆದರೆ 16ಕ್ಕೆ ರಸಾಯನಶಾಸ್ತ್ರ ಬಿಟ್ಟವನಿಗೆ ವೈದ್ಯಶಿಕ್ಷಣದ ಬಾಗಿಲು ಬಹುಮಟ್ಟಿಗೆ ಮುಚ್ಚುತ್ತದೆ, ಗಣಿತ ಬಿಟ್ಟವಳಿಗೆ ಎಂಜಿನಿಯರಿಂಗಿನದು.

ವಿಶ್ವವಿದ್ಯಾಲಯದ ಪ್ರವೇಶಕ್ಕೆ ಯುಕಾಸ್ ಎಂಬ ಸಂಸ್ಥೆಯ ಮೂಲಕ ಗರಿಷ್ಠ 5 ಕಡೆಗೆ ಅರ್ಜಿ ಹಾಕಬಹುದು. ಅದೂ ಫಲಿತಾಂಶಕ್ಕೆ ಮೊದಲೇ, ಅಧ್ಯಾಪಕರು ಊಹಿಸಿ ಕೊಟ್ಟ ಶ್ರೇಣಿಗಳ ಆಧಾರದಲ್ಲಿ. ಸಿಗುವ ಸೀಟು ಷರತ್ತಿನದು. ಆಗಸ್ಟಿನ ಫಲಿತಾಂಶ ಅದನ್ನು ಖಾಯಂಗೊಳಿಸಬೇಕು.

ಇಲ್ಲಿ ಎರಡು ಸಂಗತಿಗಳನ್ನು ಪೋಷಕರು ಅರಿತಿರಬೇಕು. ಸಿಬಿಎಸ್‌ಇ ಹನ್ನೆರಡನೆಯ ತರಗತಿಯ ಅಂಕಗಳನ್ನು ಬ್ರಿಟನ್ನಿನ ಅನೇಕ ವಿಶ್ವವಿದ್ಯಾಲಯಗಳು ನೇರ ಪ್ರವೇಶಕ್ಕೇ ಒಪ್ಪುತ್ತವೆ. ವೈದ್ಯಶಿಕ್ಷಣಕ್ಕೂ ಕೆಲವು ಹೆಸರಾಂತ ಸಂಸ್ಥೆಗಳಿಗೂ ಮಾತ್ರ ಹೆಚ್ಚಿನದು ಬೇಕಾಗಬಹುದು. ಎರಡನೆಯದು, ಬ್ರಿಟಿಷ್ ಶಾಲೆಯಲ್ಲಿ ಓದಿದ ಮಾತ್ರಕ್ಕೆ ಕಾಲೇಜಿನ ಶುಲ್ಕ ಒಂದು ಪೌಂಡೂ ಇಳಿಯದು. 2025–26ರಲ್ಲಿ ಇಂಗ್ಲೆಂಡಿನ ಸ್ಥಳೀಯ ವಿದ್ಯಾರ್ಥಿಗೆ ವಾರ್ಷಿಕ ಶುಲ್ಕದ ಮಿತಿ 9,535 ಪೌಂಡ್. ಸ್ಥಳೀಯರೆನಿಸಲು ಸಾಮಾನ್ಯವಾಗಿ ಹಿಂದಿನ 3 ವರ್ಷ ಅಲ್ಲೇ ವಾಸವಿರಬೇಕು. ಪಾಸ್‌ಪೋರ್ಟ್ ಒಂದೇ ಸಾಲದು. ಮಸ್ಕತ್ತಿನಿಂದ ಹೋಗುವ ಮಗುವಿಗೆ ಮಿತಿಯೇ ಇಲ್ಲದ ಅಂತರರಾಷ್ಟ್ರೀಯ ಶುಲ್ಕ.

ಭಾರತಕ್ಕೆ ಮರಳುವ ಯೋಚನೆಯಿದ್ದರೆ ಲೆಕ್ಕ ಇನ್ನಷ್ಟು ಜಟಿಲ. ಎ-ಲೆವೆಲ್‌ಗೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಸಮಾನತಾ ಮಾನ್ಯತೆಯುಂಟು, ಆದರೆ ವಿಷಯಗಳ ಆಯ್ಕೆ ಅದಕ್ಕೆ ಒಪ್ಪುವಂತಿರಬೇಕು. ನೀಟ್ ಪರೀಕ್ಷೆಗೆ ಭೌತ, ರಸಾಯನ, ಜೀವಶಾಸ್ತ್ರಗಳು ಮೂರೂ ಬೇಕು. ಪ್ರಶ್ನೆಗಳ ಜಾಡೂ ಬೇರೆ. ಕರ್ನಾಟಕದ ಸಿಇಟಿಯ ಮುಖ್ಯ ಅರ್ಹತಾ ನಿಯಮ ರಾಜ್ಯದೊಳಗೆ 7 ವರ್ಷದ ಓದನ್ನು ಕೇಳುತ್ತದೆ. ಆ ತೊಡಕು ಇಲ್ಲಿನ ಸಿಬಿಎಸ್‌ಇ ಮಕ್ಕಳಿಗೂ ತಪ್ಪಿದ್ದಲ್ಲ.

ಒಮಾನಿನಲ್ಲಿ ನಮ್ಮ ವಾಸ ನೌಕರಿಗೆ ಅಂಟಿಕೊಂಡದ್ದು. ಕೆಲಸ ಹೋದರೆ ಮಗು ಯಾವ ತರಗತಿಯಲ್ಲಿದೆಯೆಂದು ವೀಸಾ ಕೇಳುವುದಿಲ್ಲ. ಇಯರ್ 10ರ ನಡುವೆ ಊರಿಗೆ ಹೊರಟರೆ ಐಜಿಸಿಎಸ್‌ಇ ಅರ್ಧಕ್ಕೆ ನಿಲ್ಲುತ್ತದೆ. ಅತ್ತ ಸಿಬಿಎಸ್‌ಇ ಒಂಬತ್ತರಲ್ಲೇ ಮಂಡಳಿಯ ನೋಂದಣಿ ಮಾಡಿಸುವುದರಿಂದ ನೇರವಾಗಿ ಹತ್ತಕ್ಕೆ ಸೇರುವುದು ಕಷ್ಟ. ಶೈಕ್ಷಣಿಕ ವರ್ಷ ಒಂದೆಡೆ ಸೆಪ್ಟೆಂಬರಿನಲ್ಲಿ, ಇನ್ನೊಂದೆಡೆ ಏಪ್ರಿಲ್‌ನಲ್ಲಿ ಆರಂಭ. ಹೀಗಾಗಿ ದಾರಿ ಬದಲಿಸುವುದಿದ್ದರೆ ಇಯರ್ 9 ಮುಗಿಯುವ ಮುನ್ನ, ಆ ವರ್ಷದ ಮಾರ್ಚಿನೊಳಗೇ ಬದಲಿಸುವುದು ಲೇಸು.