ಕೆಂಡದ ಕಾವೂ ಅವಗೆಂಪು ಕಿರಣವೂ

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ಹಾದಿಯಲ್ಲಿ ಸವಳಂಗವೆಂಬ ಊರುಂಟು. ಅದು ಈಗ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿಗೆ ಸೇರಿದೆ. ಆ ಸೀಮೆಯಲ್ಲಿ ಸುಗ್ಗಿ ಬಂತೆಂದರೆ ದೊಡ್ಡ ಹಂಡೆಗಳಲ್ಲಿ ಅಡಿಕೆಯನ್ನು ಬೇಯಿಸುತ್ತಾರೆ. ಒಲೆಯ ಮುಂದೆ ಕುಳಿತವರ ಮುಖ ಬೆವರುತ್ತದೆ, ಬೆನ್ನು ತಣ್ಣಗೇ ಇರುತ್ತದೆ. ಬಿಸಿಗಾಳಿಯು ನೇರವಾಗಿ ಮೇಲಕ್ಕೇರಿ ಹೋಗುವುದಷ್ಟೆ. ಹಾಗಾದರೆ ದೂರ ಕುಳಿತವರ ಮುಖಕ್ಕೆ ಕಾವು ಬಂದುದು ಹೇಗೆ? ನಡುವೆ ಒಂದು ಮೊರವನ್ನು ಅಡ್ಡ ಹಿಡಿದರೆ ಕಾವು ಕೂಡಲೇ ನಿಲ್ಲುತ್ತದೆ. ಕೆಂಡವು ಕಣ್ಣಿಗೆ ಕಾಣದ ಕಿರಣಗಳನ್ನು ಸೂಸುತ್ತದೆಂದೂ, ಅವು ಚರ್ಮದಲ್ಲಿ ಹೀರಲ್ಪಟ್ಟು ಉಷ್ಣವಾಗುತ್ತವೆಂದೂ ಇದರಿಂದ ತಿಳಿಯುತ್ತದೆ. ಇವೇ ಅವಗೆಂಪು ಕಿರಣಗಳು. ಇಂದು ನಗರಗಳಲ್ಲಿ ಹಣ ತೆತ್ತು ಹೊಗುವ 'ಇನ್‌ಫ್ರಾರೆಡ್ ಸೌನಾ' ಎಂಬ ಮರದ ಕೋಣೆಯಲ್ಲಿ ಕೆಲಸ ಮಾಡುವುದೂ ಇವೇ. ಹೆಸರು ಹೊಸದಾದ ಮಾತ್ರಕ್ಕೆ ಕಿರಣದ ಗುಣ ಬದಲಾಗದು; ಪದ್ಧತಿ ಹಳೆಯದಾದ ಮಾತ್ರಕ್ಕೆ ಅಪಾಯ ಕಡಮೆಯಾಗದು. ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯಬೇಕೆಂಬುದು ನಮ್ಮ ಅಭಿಪ್ರಾಯ.

ಬೆವರಿಳಿಸುವ ಚಿಕಿತ್ಸೆ ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಚರಕಸಂಹಿತೆಯ ಸೂತ್ರಸ್ಥಾನದ 14ನೆಯ ಅಧ್ಯಾಯವೇ ಸ್ವೇದನಕ್ಕೆ ಮೀಸಲು. ಅಗ್ನಿಯ ನೆರವಿನ 13 ವಿಧಗಳನ್ನೂ ಅಗ್ನಿಯಿಲ್ಲದ 10 ವಿಧಗಳನ್ನೂ ಅದು ಎಣಿಸುತ್ತದೆ. ಕಾದ ಕಲ್ಲುಚಪ್ಪಡಿಯ ಮೇಲೆ ಮಲಗಿಸುವುದೂ ದಪ್ಪ ಗೋಡೆಯ ದುಂಡು ಕೋಣೆಯನ್ನು ಕೆಂಡದಿಂದ ಕಾಯಿಸುವುದೂ ಮೊದಲನೆಯ ವರ್ಗದವು. ವ್ಯಾಯಾಮ, ದಪ್ಪ ಹೊದಿಕೆ, ಬಿಸಿಲು ಎರಡನೆಯ ವರ್ಗದವು. ಯಾರನ್ನು ಬೆವರಿಸಬಾರದೆಂಬ ಪಟ್ಟಿಯೂ ಅಲ್ಲಿಯೇ ಇದೆ ಎಂಬುದು ಗಮನಾರ್ಹ. ಗರ್ಭಿಣಿಯರೂ ನಿತ್ಯ ಮದ್ಯಪಾನಿಗಳೂ ಅದರಲ್ಲಿ ಸೇರಿದ್ದಾರೆ.

ಕಿರಣದ ಸ್ವರೂಪ ತಿಳಿದುದು ಮಾತ್ರ ಬಹಳ ತಡವಾಗಿ. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್, 1800ರಲ್ಲಿ ಸೂರ್ಯನ ಬೆಳಕನ್ನು ಪಟ್ಟಕದಿಂದ ಬಣ್ಣಗಳಾಗಿ ಒಡೆದು, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನು ಇಟ್ಟು ನೋಡಿದನು. ಕೆಂಪಿನ ಆಚೆ, ಏನೂ ಕಾಣದ ಎಡೆಯಲ್ಲಿ, ಪಾದರಸ ಇನ್ನೂ ಮೇಲೇರಿತು. ಒಂದು ಪಟ್ಟಕ, ಬುಡಕ್ಕೆ ಮಸಿ ಬಳಿದ ಎರಡು ಉಷ್ಣಮಾಪಕ, ಒಂದು ರಟ್ಟಿನ ಪೆಟ್ಟಿಗೆ ಇದ್ದರೆ ಯಾವ ಹಳ್ಳಿಯ ಪ್ರೌಢಶಾಲೆಯಲ್ಲಿಯೂ ಈ ಪ್ರಯೋಗವನ್ನು ಮಾಡಬಹುದು. ಒಂದು ಮಾಪಕವನ್ನು ಬಣ್ಣಗಳಿಂದ ದೂರವಿರಿಸಿ ಹೋಲಿಸಬೇಕು.

ಅಮೆರಿಕದ ಜಾನ್ ಹಾರ್ವೆ ಕೆಲಾಗ್ ಎಂಬ ವೈದ್ಯನು 1891ರ ಸುಮಾರಿಗೆ, ಒಳಗೋಡೆಗೆ ವಿದ್ಯುದ್ದೀಪಗಳನ್ನು ಜೋಡಿಸಿದ ಪೆಟ್ಟಿಗೆಯೊಂದನ್ನು ರಚಿಸಿ ರೋಗಿಗಳನ್ನು ಅದರಲ್ಲಿ ಕೂರಿಸಿದನು. ಹಳೆಯ ತಂತಿಬಲ್ಬು ತನ್ನ ಶಕ್ತಿಯ ಬಹುಭಾಗವನ್ನು ಅವಗೆಂಪಾಗಿಯೇ ಸೂಸುವುದರಿಂದ ಇಂದಿನ ಕೋಣೆಗೆ ಅದೇ ಮೂಲಪುರುಷನೆನ್ನಬಹುದು. ಜಪಾನಿನ ಚೂವಾ ತೇಯಿ 1989ರಲ್ಲಿ ಹೃದ್ರೋಗಿಗಳಿಗಾಗಿ 60 ಡಿಗ್ರಿ ಸೆಲ್ಸಿಯಸಿನ ಅವಗೆಂಪು ಕೋಣೆಯ ಕ್ರಮವೊಂದನ್ನು ರೂಪಿಸಿದರು. ಅದರಲ್ಲಿ 15 ನಿಮಿಷ ಕೋಣೆ, ಅನಂತರ 30 ನಿಮಿಷ ಕಂಬಳಿಯ ವಿಶ್ರಾಂತಿ.

ಇವುಗಳಿಂದ ಉಪಯೋಗವಿಲ್ಲವೆ? ಖಂಡಿತ ಉಂಟು. ಕಾವು ತಗುಲಿದಾಗ ರಕ್ತನಾಳಗಳು ಹಿಗ್ಗುತ್ತವೆ, ಸ್ನಾಯುಗಳ ಬಿಗಿ ಸಡಿಲುತ್ತದೆ, ನೋವು ಕೆಲಹೊತ್ತು ಶಮನವಾಗುತ್ತದೆ. ಫಿನ್ಲೆಂಡಿನಲ್ಲಿ 2315 ಗಂಡಸರನ್ನು ಸುಮಾರು 20 ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಸಲ ಸೌನಾಕ್ಕೆ ಹೋಗುವವರಲ್ಲಿ ಹಠಾತ್ ಹೃದಯಮರಣ ಕಡಮೆಯಿತ್ತು. ಆದರೆ ಅದು ಕಾದ ಕಲ್ಲುಗಳ ಸೌನಾ. ಅಲ್ಲದೆ ಆರೋಗ್ಯವಂತರೇ ಹೆಚ್ಚು ಸಲ ಹೋಗಿರಲೂಬಹುದು. ಜಪಾನಿನಲ್ಲಿ ರೋಗಿಗಳನ್ನು ಎರಡು ಗುಂಪು ಮಾಡಿ ತೇಯಿಯವರ ಕ್ರಮವನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಮುಖ್ಯ ಅಳತೆಯಲ್ಲಿ ಗುಂಪುಗಳ ನಡುವೆ ನಿರ್ಣಾಯಕವಾದ ವ್ಯತ್ಯಾಸ ಕಾಣಲಿಲ್ಲ.

ಜಾಹೀರಾತುಗಳು ಇಷ್ಟಕ್ಕೆ ನಿಲ್ಲುವುದಿಲ್ಲ. ಕಿರಣವು ದೇಹದ ಆಳಕ್ಕೆ ಇಳಿಯುವುದೆಂದೂ, ಬೆವರಿನೊಡನೆ ವಿಷವೆಲ್ಲ ಹೊರಬೀಳುವುದೆಂದೂ ಸಾರುತ್ತವೆ. ಇಂತಹ ಕೋಣೆಗಳು ಸಾಮಾನ್ಯವಾಗಿ ಸೂಸುವುದು ದೀರ್ಘ ತರಂಗಾಂತರದ ಅವಗೆಂಪನ್ನು. ಚರ್ಮದಲ್ಲಿರುವ ನೀರು ಅದನ್ನು ಒಂದು ಮಿಲಿಮೀಟರಿನ ಅಲ್ಪಾಂಶದೊಳಗೇ ಹೀರಿಬಿಡುತ್ತದೆ. ಒಳಗಿನ ಅಂಗಗಳಿಗೆ ಕಾವನ್ನು ಒಯ್ಯುವುದು ರಕ್ತ. ಬೆವರಿನಲ್ಲಿ ಶೇಕಡಾ 99 ಭಾಗ ನೀರು, ಉಳಿದುದರಲ್ಲಿ ಉಪ್ಪೇ ಹೆಚ್ಚು. ಶರೀರವನ್ನು ತಂಪಾಗಿಡುವುದೇ ಅದರ ಕೆಲಸ. ಕಲ್ಮಷವನ್ನು ಕಳೆಯುವ ಹೊಣೆ ಯಕೃತ್ತಿನದೂ ಮೂತ್ರಪಿಂಡಗಳದೂ.

ಹೊಸದನ್ನು ಪ್ರಶ್ನಿಸುವವರು ಹಳೆಯದನ್ನು ಬಿಟ್ಟುಕೊಡುವುದು ನ್ಯಾಯವಲ್ಲ. ನಮ್ಮ ಹಳ್ಳಿಗಳಲ್ಲಿ ಬಾಣಂತಿಯ ಮಂಚದ ಬಳಿ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು, ಗಾಳಿ ಸುಳಿಯದಂತೆ ಕಿಟಕಿ ಬಾಗಿಲು ಮುಚ್ಚುವ ರೂಢಿಯುಂಟು. ಹಿರಿಯರ ಅಕ್ಕರೆಯಲ್ಲಿ ನಮಗೆ ಸಂದೇಹವಿಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಕೆಂಡವು ಕಾರ್ಬನ್ ಮಾನಾಕ್ಸೈಡನ್ನು ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಕ್ಸಿಜನ್ನಿಗಿಂತ 200 ಪಟ್ಟಿಗೂ ಮಿಗಿಲಾದ ಬಿಗಿಯಿಂದ ಅದನ್ನು ಹಿಡಿದುಕೊಳ್ಳುತ್ತದೆ. ತಾಯಿ ಮಗು ಮಲಗಿದ ನಿದ್ರೆಯಿಂದ ಏಳದೆ ಹೋಗಬಹುದು. ಕೆಂಡವನ್ನು ಹೊರಗಿಟ್ಟು ಬೆಚ್ಚನೆಯ ಬಟ್ಟೆ, ಕಂಬಳಿ, ಬಿಸಿನೀರಿನ ಸ್ನಾನಗಳಿಂದ ಅದೇ ಸುಖವನ್ನು ಕೊಡಬಹುದು. ಮನೆಯಲ್ಲಿ ಇದನ್ನು ವಿನಯದಿಂದ, ಆದರೆ ತಪ್ಪದೆ ಹೇಳಬೇಕಾದವರು ರಸಾಯನಶಾಸ್ತ್ರ ಓದಿದ ನಮ್ಮ ವಿದ್ಯಾರ್ಥಿಗಳೇ.

ಆದುದರಿಂದ ಕಾವಿನ ಚಿಕಿತ್ಸೆ ಯಾವ ಹೆಸರಿನಿಂದ ಬಂದರೂ ನಾವು ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಎಷ್ಟು ಕಾವು? ಎಷ್ಟು ಹೊತ್ತು? ಯಾರಿಗೆ ಇದು ಸಲ್ಲದು? ಗುಣವಾಯಿತೆಂದು ಹೇಳುವವರು ಚಿಕಿತ್ಸೆ ಪಡೆಯದವರೊಡನೆ ಹೋಲಿಸಿ ನೋಡಿದರೆ? ಇವಕ್ಕೆ ಉತ್ತರ ದೊರೆಯುವವರೆಗೆ ಹಣದ ಚೀಲವನ್ನೂ ಕೋಣೆಯ ಬಾಗಿಲನ್ನೂ ಯೋಚಿಸಿಯೇ ತೆರೆಯುವುದು, ಮುಚ್ಚುವುದು ಲೇಸು.